ಹಳೆಯ ಮಿನಿ ಟ್ರ್ಯಾಕ್ಟರ್ ಕೊಳ್ಳಬೇಕೇ, ಬಿಡಬೇಕೇ: ಸಂಚಕಾರ ಕೊಡುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಊರುಗಳಲ್ಲಿ ಇರಲಿ, ಕುಷ್ಟಗಿ-ಯಲಬುರ್ಗಾ ಕಡೆಯ ದಾಳಿಂಬೆ ತೋಟಗಳಲ್ಲಿ ಇರಲಿ, ಹಳೆಯ ಮಿನಿ ಟ್ರ್ಯಾಕ್ಟರ್ ಕೊಂಡು ಕೈಸುಟ್ಟುಕೊಂಡವರ ಕಥೆ ಬಹುಮಟ್ಟಿಗೆ ಒಂದೇ. ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ, ದಲ್ಲಾಳಿಯ ಅವಸರಕ್ಕೆ ಸಂಚಕಾರ ಕೊಡುತ್ತಾರೆ, ಗಾಡಿ ಮನೆಗೆ ಬಂದ ಮೇಲೆ ಮೆಕ್ಯಾನಿಕ್‌ನನ್ನು ಕರೆಸುತ್ತಾರೆ, ಎಲ್ಲಕ್ಕಿಂತ ಕೊನೆಗೆ ಆರ್‌ಸಿಯಲ್ಲಿ ಯಾರ ಹೆಸರಿದೆ ಎಂದು ಓದುತ್ತಾರೆ. ಕೆಳಗಿನ ಹಂತಗಳು ಈ ಕ್ರಮವನ್ನು ತಲೆಕೆಳಗು ಮಾಡುತ್ತವೆ. ಯಾವ ಹಂತದಲ್ಲಿ ಉತ್ತರ ಸರಿಬರಲಿಲ್ಲವೋ ಅಲ್ಲಿಯೇ ನಿಲ್ಲಬೇಕು. ಎಂಜಿನ್ ಚೆನ್ನಾಗಿದೆ ಎಂಬ ಕಾರಣಕ್ಕೆ ಕಾಗದದ ದೋಷವನ್ನು ನುಂಗಿಕೊಳ್ಳಬಾರದು.

ನೋಡಲು ಹೋಗುವಾಗ ಜೊತೆಗೆ ಇರಬೇಕಾದ ಸಾಮಾನು ಹೆಚ್ಚೇನಿಲ್ಲ: ಒಂದು ಟಾರ್ಚ್, ಅಳತೆ ಟೇಪು, ಚಾಕ್‌ಪೀಸು, ಬಿಳಿಯ ಹಳೆಬಟ್ಟೆ, ತಂತಿಬ್ರಷ್, ಒಂದು ಸ್ಪ್ಯಾನರ್ ಸೆಟ್, ಚಿಕ್ಕ ಜ್ಯಾಕ್ ಮತ್ತು ಎರಡು ಖಾಲಿ ನೀರಿನ ಬಾಟಲಿ. ಬಾಟಲಿ ಯಾತಕ್ಕೆಂಬುದು ಐದನೆಯ ಹಂತದಲ್ಲಿ ತಿಳಿಯುತ್ತದೆ. ನಿಮಗೆ ಪರಿಚಯವಿರುವ, ಮಾರುವವರಿಗೆ ಪರಿಚಯವಿಲ್ಲದ ಒಬ್ಬ ಮೆಕ್ಯಾನಿಕ್ ಜೊತೆಗಿದ್ದರೆ ಅವರ ಒಂದು ದಿನದ ಕೂಲಿ ಈ ವ್ಯವಹಾರದಲ್ಲಿಯೇ ಅತ್ಯಂತ ಅಗ್ಗದ ಖರ್ಚಾಗಿರುತ್ತದೆ.

ಹಂತ 1: ನಿಮ್ಮ ಹೊಲಕ್ಕೆ ಮಿನಿ ಸಾಕೇ?

ಮಿನಿ ಟ್ರ್ಯಾಕ್ಟರ್ ಎಂದು ನಮ್ಮಲ್ಲಿ ಕರೆಯುವುದು ಸುಮಾರು 15ರಿಂದ 28 ಎಚ್‌ಪಿಯವರೆಗಿನ ಗಾಡಿಗಳನ್ನು. ಈ ಒಂದೇ ಹೆಸರಿನೊಳಗೆ ಬೇರೆ ಬೇರೆ ಯಂತ್ರಗಳಿವೆ. ಸ್ವರಾಜ್ 717 ಒಂದೇ ಸಿಲಿಂಡರಿನ 15 ಎಚ್‌ಪಿ ಗಾಡಿಯಾದರೆ, ಮಹೀಂದ್ರ ಜೀವೋ 245 ಎರಡು ಸಿಲಿಂಡರಿನದು, ಕುಬೋಟಾ ಬಿ2441 ಮೂರು ಸಿಲಿಂಡರಿನದು; ಕೊನೆಯ ಎರಡೂ 24 ಎಚ್‌ಪಿಯ ಫೋರ್ ವೀಲ್ (ಎಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ) ಗಾಡಿಗಳು. ಹೆಸರನ್ನು ಆಮೇಲೆ ಆರಿಸೋಣ. ಮೊದಲು ಮಣ್ಣನ್ನು ನೋಡಬೇಕು.

ಮಸಾರಿ (ಕೆಂಪು ಮಣ್ಣಿನ) ಭೂಮಿಯಲ್ಲಿ ಹರಗುವುದು, ದಾಳಿಂಬೆ ಸಾಲಿನ ನಡುವೆ ರೋಟವೇಟರ್ (ತಿರುಗುವ ಹಲ್ಲುಗಳಿಂದ ಮಣ್ಣು ಪುಡಿ ಮಾಡುವ ಸಲಕರಣೆ) ಹೊಡೆಯುವುದು, ಔಷಧಿ ಸಿಂಪಡಣೆ, ಹತ್ತಿಯಲ್ಲಿ ಎಡೆಕುಂಟೆ, ಸಣ್ಣ ಟ್ರಾಲಿಯಲ್ಲಿ ಗೊಬ್ಬರ ಸಾಗಿಸುವುದು, ಇವೆಲ್ಲ ಮಿನಿಯ ಕೆಲಸ. ಆದರೆ ಸುಗ್ಗಿ ಮುಗಿದ ಮೇಲೆ ಬಿಸಿಲಿಗೆ ಬಾಯಿಬಿಟ್ಟ ಎರೆ (ಕಪ್ಪು ಮಣ್ಣಿನ) ಹೊಲಕ್ಕೆ ಆಳದ ರೆಂಟೆ ಹೊಡೆಯುವುದು ಅದರ ಕೆಲಸವಲ್ಲ. ಆ ಕೆಲಸವನ್ನು ಒಂದು ಬೇಸಿಗೆ ಮಾಡಿಸಿದರೆ ಕ್ಲಚ್ ಹೋಗುತ್ತದೆ, ಎರಡನೆಯ ಬೇಸಿಗೆಗೆ ಗೇರ್‌ಬಾಕ್ಸ್ ಸದ್ದು ಮಾಡುತ್ತದೆ. ನಿಮ್ಮ ಜಮೀನು ಪೂರ್ತಿ ಎರೆಯಾಗಿದ್ದು ಮುಖ್ಯ ಕೆಲಸ ಆಳದ ಉಳುಮೆಯೇ ಆಗಿದ್ದರೆ ಮುಂದೆ ಓದುವ ಅಗತ್ಯವಿಲ್ಲ. ದೊಡ್ಡ ಗಾಡಿಯನ್ನು ಬಾಡಿಗೆಗೆ ಕರೆಯುವುದೇ ಲೇಸು.

ಸಾಲಿನ ಅಂತರವನ್ನೂ ಟೇಪು ಹಿಡಿದು ಅಳೆಯಬೇಕು. ಮೂರು ಅಡಿ ಸಾಲಿನ ಹತ್ತಿಯಲ್ಲಿ ಎಡೆ ಹೊಡೆಯುವ ಆಸೆಯಿಂದ ಗಾಡಿ ತಂದು, ಟೈರಿನ ಹೊರಅಂಚಿನಿಂದ ಹೊರಅಂಚಿಗೆ ಅಳೆದರೆ ನಾಲ್ಕು ಅಡಿ ಬಂದು, ಗಿಡದ ಮೇಲೆಯೇ ಟೈರು ಹಾಯುವುದನ್ನು ನೋಡಿ ನಿಂತವರಿದ್ದಾರೆ. ಹಿಂದಿನ ಚಕ್ರದ ಅಂತರವನ್ನು ಹೆಚ್ಚುಕಡಿಮೆ ಮಾಡಲು ಬರುತ್ತದೆಯೇ ಎಂಬುದನ್ನೂ ಕೇಳಿ ತಿಳಿಯಿರಿ.

ಹಂತ 2: ಬಾಡಿಗೆಯ ಲೆಕ್ಕವನ್ನು ಕಾಗದದ ಮೇಲೆ ಹಾಕಿ

ಹೋದ ವರ್ಷ ನೀವು ಟ್ರ್ಯಾಕ್ಟರ್ ಬಾಡಿಗೆಗೆ ಎಷ್ಟು ಗಂಟೆ ಕರೆಸಿದಿರಿ ಎಂಬುದನ್ನು ನೆನಪು ಮಾಡಿಕೊಂಡು ಬರೆಯಿರಿ. ಉದಾಹರಣೆಗೆ 120 ಗಂಟೆ, ಗಂಟೆಗೆ 900 ರೂಪಾಯಿ ಎಂದು ಹಿಡಿದರೆ ಬಾಡಿಗೆ 1,08,000 ಆಗುತ್ತದೆ. ಸ್ವಂತ ಗಾಡಿಯಾದರೆ ಗಂಟೆಗೆ ಎರಡೂವರೆ ಲೀಟರ್ ಡೀಸೆಲ್, ಲೀಟರಿಗೆ 90 ರೂಪಾಯಿಯಂತೆ 27,000. ಆಯಿಲ್, ಫಿಲ್ಟರ್, ಸಣ್ಣಪುಟ್ಟ ರಿಪೇರಿಗೆ 20,000. ವಿಮೆಗೆ 5,000 ಎಂದು ಹಿಡಿದರೆ ಒಟ್ಟು 52,000. ಅಂದರೆ ವರ್ಷಕ್ಕೆ 56,000 ಉಳಿಯಿತು. ಗಾಡಿ 2,50,000ಕ್ಕೆ ಸಿಕ್ಕಿ, ಮೊದಲ ರಿಪೇರಿಗೆ 40,000 ಹೋದರೆ, ಹಾಕಿದ ಹಣ ಮರಳಲು ಐದು ವರ್ಷ ದಾಟುತ್ತದೆ.

ಇದೇ ಲೆಕ್ಕವನ್ನು 60 ಗಂಟೆಗೆ ಹಾಕಿ ನೋಡಿ. ಬಾಡಿಗೆ 54,000; ಸ್ವಂತ ಖರ್ಚು 38,500; ಉಳಿತಾಯ ಕೇವಲ 15,500. ಹಾಕಿದ ಹಣ ಮರಳಲು ಹದಿನೆಂಟು ವರ್ಷಕ್ಕೂ ಹೆಚ್ಚು ಬೇಕು, ಅಷ್ಟು ದಿನ ಹಳೆಯ ಗಾಡಿ ಬದುಕುವುದಿಲ್ಲ. ಸಾಲ ಮಾಡಿ ಕೊಳ್ಳುವುದಾದರೆ ಬಡ್ಡಿಯನ್ನು ಇದರ ಮೇಲೆ ಕೂಡಿಸಬೇಕು. ಅಂಕಿಗಳನ್ನು ನಿಮ್ಮ ಊರಿನ ದರಕ್ಕೆ ಬದಲಿಸಿಕೊಳ್ಳಿ. ಆದರೆ ಗಂಟೆಗಳನ್ನು ಮಾತ್ರ ಆಸೆಯಿಂದ ಹೆಚ್ಚಿಸಿಕೊಳ್ಳಬೇಡಿ. "ಅಕ್ಕಪಕ್ಕದವರಿಗೂ ಬಾಡಿಗೆ ಹೊಡೆದರಾಯಿತು" ಎಂಬ ಮಾತು ಪ್ರತಿಯೊಬ್ಬರ ಲೆಕ್ಕದಲ್ಲಿಯೂ ಬರುತ್ತದೆ, ಅಕ್ಕಪಕ್ಕದವರು ಅದೇ ಲೆಕ್ಕ ಹಾಕಿ ತಾವೂ ಒಂದು ಗಾಡಿ ತರುತ್ತಾರೆ. ನಿಮ್ಮ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಮಿನಿ ಟ್ರ್ಯಾಕ್ಟರ್ ಬಾಡಿಗೆಗೆ ಸಿಗುತ್ತದೆಯೇ, ಹದ ಬಂದ ದಿನ ಅದು ನಿಮಗೆ ಸಿಗುತ್ತದೆಯೇ ಎಂಬುದನ್ನೂ ಈ ಹಂತದಲ್ಲಿಯೇ ವಿಚಾರಿಸಬೇಕು.

ಹಂತ 3: ಗಾಡಿ ನೋಡುವ ಮೊದಲು ಕಾಗದ ನೋಡಿ

ಆರ್‌ಸಿಯ ಎರಡೂ ಬದಿಯ ಫೋಟೊವನ್ನು ಮೊಬೈಲಿಗೆ ಕಳುಹಿಸುವಂತೆ ಕೇಳಿ. ಇದಕ್ಕೆ ಹಿಂಜರಿಯುವವರ ಗಾಡಿಯನ್ನು ನೋಡಲು ಬಸ್ ಚಾರ್ಜು ಸಹ ಖರ್ಚು ಮಾಡಬಾರದು. ಸಿಕ್ಕ ನೋಂದಣಿ ಸಂಖ್ಯೆಯನ್ನು ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ನೋಂದಣಿಯ ದಿನಾಂಕ, ವಿಮೆಯ ಅವಧಿ ಮತ್ತಿತರ ವಿವರಗಳು ತಿಳಿಯುತ್ತವೆ.

ಇಲ್ಲಿ ಗಮನಿಸಬೇಕಾದದ್ದು ಸಾಲದ ದಾಖಲೆ. ಬ್ಯಾಂಕಿನಿಂದಾಗಲಿ ಫೈನಾನ್ಸಿನಿಂದಾಗಲಿ ಸಾಲ ಪಡೆದು ಕೊಂಡ ಗಾಡಿಯ ಆರ್‌ಸಿಯಲ್ಲಿ ಅವರ ಹೆಸರು ನಮೂದಾಗಿರುತ್ತದೆ. "ಕಂತು ಎಲ್ಲ ಕಟ್ಟಿದ್ದೇನೆ" ಎಂಬುದು ಸಾಲದು. ಸಾಲ ಕೊಟ್ಟವರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸಲು ಬೇಕಾದ, ಅವರ ಸಹಿ ಇರುವ ನಮೂನೆ 35 ಕೈಯಲ್ಲಿರಬೇಕು. ಕಂತು ಕಟ್ಟದೆ ಸೀಜ್ ಆದ ಗಾಡಿಯಾಗಿದ್ದರೆ, ಸಾಲ ಕೊಟ್ಟವರು ನಮೂನೆ 36ರ ಮೂಲಕ ಆರ್‌ಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದಾರೆಯೇ ಎಂದು ಕೇಳಿ. ಮಾಲೀಕರು ತೀರಿಕೊಂಡಿದ್ದು ಮಕ್ಕಳು ಮಾರುತ್ತಿದ್ದರೆ, ಮೊದಲು ನಮೂನೆ 31ರ ಮೂಲಕ ಗಾಡಿ ವಾರಸುದಾರರ ಹೆಸರಿಗೆ ಬರಬೇಕು. ಅಣ್ಣ ತಮ್ಮಂದಿರಲ್ಲಿ ಒಬ್ಬರು ಮಾರಿ, ಇನ್ನೊಬ್ಬರು ತಕರಾರು ತೆಗೆಯುವುದು ನಮ್ಮ ಕಡೆ ಹೊಸದಲ್ಲ.

ರಾಯಚೂರು, ಬಳ್ಳಾರಿ ಎರಡೂ ಗಡಿ ಜಿಲ್ಲೆಗಳಾದ್ದರಿಂದ ಆಂಧ್ರ, ತೆಲಂಗಾಣ ನೋಂದಣಿಯ ಗಾಡಿಗಳು ಬೆಲೆ ಇಳಿಸಿಕೊಂಡು ಇಲ್ಲಿಗೆ ಬರುತ್ತವೆ. ಅಂಥ ಗಾಡಿಗೆ ಮೂಲ ಆರ್‌ಟಿಒ ಕಚೇರಿಯ ಎನ್‌ಒಸಿ, ಅಂದರೆ ನಮೂನೆ 28 ಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಕರ್ನಾಟಕದಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು. ಎನ್‌ಒಸಿ ಇಲ್ಲದೆ ಕೊಂಡ ಗಾಡಿ ಹೊಲದಲ್ಲಿ ಉಳುತ್ತದೆ, ನಿಜ. ಆದರೆ ಅದನ್ನು ಮರಳಿ ಮಾರುವ ದಿನ ಬೆಲೆ ಅರ್ಧವಾಗಿರುತ್ತದೆ, ರಸ್ತೆಯಲ್ಲಿ ಅಪಘಾತವಾದರೆ ಮನೆಮಾರು ಹೋಗುತ್ತದೆ.

ಸಬ್ಸಿಡಿಯಲ್ಲಿ ಪಡೆದ ಗಾಡಿಯಾಗಿದ್ದರೆ ಮಂಜೂರಾತಿ ಪತ್ರದಲ್ಲಿ ಇಷ್ಟು ವರ್ಷ ಮಾರಬಾರದೆಂಬ ಷರತ್ತು ಇದೆಯೇ ಎಂದು ಓದಿ. ಮೌಖಿಕ ಉತ್ತರವನ್ನು ಒಪ್ಪಬೇಡಿ.

ಹಂತ 4: ಬೆಳಿಗ್ಗೆ ಹೋಗಿ, ತಣ್ಣಗಿರುವ ಎಂಜಿನ್ ನೋಡಿ

ನೋಡಲು ಬರುವ ದಿನವನ್ನು ಹೇಳಿ, ಹೊತ್ತನ್ನು ಹೇಳಬೇಡಿ; ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರಿ. ಮೊದಲ ಕೆಲಸ ಬಾನೆಟ್ ಮೇಲೆ, ಆಮೇಲೆ ಎಂಜಿನ್ ಮೇಲೆ ಕೈಯಿಡುವುದು. ಗಂಗಾವತಿ ಕಡೆಯ ಒಂದು ಊರಿನಲ್ಲಿ ನಾನು ಬೆಳಿಗ್ಗೆ ಏಳಕ್ಕೆ ಹೋದಾಗ ಕಣದಲ್ಲಿ ಸಗಣಿ ಸಾರಿಸಿದ್ದು ಇನ್ನೂ ಒಣಗಿರಲಿಲ್ಲ, ಗಾಡಿಯ ಸೈಲೆನ್ಸರ್ ಮಾತ್ರ ಕೈ ಸುಡುವಷ್ಟು ಬಿಸಿಯಾಗಿತ್ತು. "ದನಕ್ಕೆ ಮೇವು ತರಲು ಹೋಗಿದ್ದೆವು" ಎಂದರು. ಕಣದ ಹಸಿ ಸಗಣಿಯ ಮೇಲೆ ಟೈರಿನ ಗುರುತು ಒಂದೂ ಇರಲಿಲ್ಲ. ತಣ್ಣಗಿರುವಾಗ ಸ್ಟಾರ್ಟ್ ಆಗದ ಗಾಡಿಯನ್ನು ಮೊದಲೇ ಬಿಸಿ ಮಾಡಿಟ್ಟಿರುತ್ತಾರೆ. ಹಾಗಿದ್ದರೆ ಚಹಾ ಕುಡಿದು, ಮೂರು ತಾಸು ಬಿಟ್ಟು ಬನ್ನಿ, ಇಲ್ಲವೇ ಮನೆಗೆ ಹೋಗಿ.

ಸ್ಟಾರ್ಟ್ ಮಾಡುವ ಮೊದಲು ಮೂರು ಕೆಲಸ. ಎಂಜಿನ್ ತಣ್ಣಗಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆದು ಟಾರ್ಚ್ ಬಿಡಿ. ನೀರಿನ ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ ಕೆಟ್ಟಿರುವ ಸಂಶಯ ಬರುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಯಾರು ಹೇಳಿದರೂ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೆ ಸಿಡಿಯುತ್ತದೆ. ಆಮೇಲೆ ಆಯಿಲ್ ಕಡ್ಡಿಯನ್ನು ಎಳೆದು ಬಿಳಿ ಬಟ್ಟೆಗೆ ಒರೆಸಿ. ಕಪ್ಪಾಗಿದ್ದರೆ ದೋಷವಲ್ಲ, ಡೀಸೆಲ್ ಎಂಜಿನ್ನಿನ ಆಯಿಲ್ ಕಪ್ಪಾಗುವುದು ಸಹಜ. ಹಾಲು ಬೆರೆತಂತಿದ್ದರೆ ನೀರು ಸೇರಿದೆ. ನೀರಿನಂತೆ ತೆಳ್ಳಗಿದ್ದು ಡೀಸೆಲ್ ವಾಸನೆ ಬಂದರೆ ಪಂಪು ಅಥವಾ ನಾಜಲ್ ಸೋರುತ್ತಿದೆ. ಬೆಲ್ಲದ ಪಾಕದಂತೆ ಮಂದವಾಗಿದ್ದರೆ ಹೊಗೆ ಮುಚ್ಚಿಡಲು ಗಟ್ಟಿ ಆಯಿಲ್ ಹಾಕಿರಬಹುದು. ಮೂರನೆಯದಾಗಿ ಗಾಡಿ ರಾತ್ರಿ ನಿಂತಿದ್ದ ಜಾಗವನ್ನು ನೋಡಿ. ನೆಲದ ಮೇಲಿನ ಎಣ್ಣೆಯ ಕಲೆ ಎಲ್ಲಿ ಸೋರುತ್ತದೆಂಬುದನ್ನು ತಾನೇ ತೋರಿಸುತ್ತದೆ.

ಈಗ ಸ್ಟಾರ್ಟ್ ಮಾಡಿಸಿ. ಸೆಲ್ಫ್ ಸ್ಟಾರ್ಟರ್ ಒಂದೆರಡು ಸಲ ತಿರುಗಿಸಿದರೆ ಹಿಡಿಯಬೇಕು, ತಳ್ಳಿ ಸ್ಟಾರ್ಟ್ ಮಾಡುವುದನ್ನು ಒಪ್ಪಬಾರದು. ಆರಂಭದಲ್ಲಿ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ. ಭಾರ ಬಿದ್ದಾಗ ಒಮ್ಮೆ ಕರಿ ಹೊಗೆ ಉಗುಳುವುದು ಸಹಜ, ಬಿಡದೆ ಬಂದರೆ ಏರ್ ಫಿಲ್ಟರ್ ಕಟ್ಟಿದೆ ಅಥವಾ ನಾಜಲ್ ಕೆಟ್ಟಿದೆ. ಇವು ಸಣ್ಣ ಖರ್ಚಿನವು. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಬಾಯಿಯ ಮುಚ್ಚಳವನ್ನು ಸಡಿಲಿಸಿ ಮೇಲೆ ಹಾಗೆಯೇ ಇಡಿ. ಮುಚ್ಚಳ ಕುಣಿದು ಬೀಳುವಷ್ಟು ಗಾಳಿ ತಳ್ಳುತ್ತಿದ್ದರೆ ಪಿಸ್ಟನ್ ರಿಂಗು, ಲೈನರ್ ಸವೆದಿವೆ ಎಂದರ್ಥ, ಅಲ್ಲಿಗೆ ಎಂಜಿನ್ ಕೆಲಸದ ಖರ್ಚು ಲೆಕ್ಕಕ್ಕೆ ಸೇರಿತು.

ಒಂದೇ ಸಿಲಿಂಡರಿನ ಗಾಡಿ ಸ್ವಭಾವತಃ ನಡುಗುತ್ತದೆ. ಅದನ್ನು ಮೂರು ಸಿಲಿಂಡರಿನ ಗಾಡಿಗೆ ಹೋಲಿಸಿ ದೋಷವೆಂದು ತಿಳಿಯಬಾರದು.

ಹಂತ 5: ಕೆಸರಿನ ಗುರುತು ಹುಡುಕಿ

ನಮ್ಮ ಭಾಗದಲ್ಲಿ ಹಳೆಯ ಗಾಡಿ ಕೊಳ್ಳುವವರು ಮೋಸ ಹೋಗುವುದು ಎಂಜಿನ್ನಿಗಿಂತ ಹೆಚ್ಚಾಗಿ ಇಲ್ಲಿಯೇ. ಸಿಂಧನೂರು, ಕಾರಟಗಿ, ಮಾನ್ವಿಯ ಭತ್ತದ ಗದ್ದೆಗಳಲ್ಲಿ ಕೇಜ್ ವೀಲ್ (ಕೆಸರಿಗೆಂದು ಹಾಕುವ ಕಬ್ಬಿಣದ ಚಕ್ರ) ಕಟ್ಟಿಕೊಂಡು ಪಡ್ಲಿಂಗ್ (ನಾಟಿಗೆ ಮುನ್ನ ಗದ್ದೆಯನ್ನು ಕೆಸರು ಮಾಡುವುದು) ಮಾಡಿದ ಗಾಡಿಯ ಆಕ್ಸಲ್ ಗಂಟೆಗಟ್ಟಲೆ ಕೆಸರು ನೀರಿನಲ್ಲಿ ಮುಳುಗಿರುತ್ತದೆ. ಸೀಲ್ ಸವೆದರೆ ಬಿಸಿಯಾದ ಹೌಸಿಂಗ್ ತಣ್ಣಗಾಗುವಾಗ ನೀರನ್ನು ಒಳಗೆಳೆದುಕೊಳ್ಳುತ್ತದೆ. ಆ ನೀರು ಬೇರಿಂಗನ್ನೂ ಗೇರನ್ನೂ ತುಕ್ಕು ಹಿಡಿಸುತ್ತದೆ. ಮಿನಿ ಗಾಡಿ ನೆಲಕ್ಕೆ ಹತ್ತಿರವಿರುವುದರಿಂದ ಅದಕ್ಕೆ ಈ ಬಾಧೆ ದೊಡ್ಡ ಗಾಡಿಗಿಂತ ಹೆಚ್ಚು.

ಹೊರಗೆ ಕಾಣುವ ಗುರುತುಗಳು ಇವು: ಹಿಂದಿನ ರಿಮ್ಮಿನ ಒಳಬದಿಯಲ್ಲಿ ತುಕ್ಕು, ಕೇಜ್ ವೀಲ್ ಬೋಲ್ಟು ಹಾಕಿದ ಜಾಗದಲ್ಲಿ ಸವೆತ, ಆಕ್ಸಲ್ ತುದಿಯಲ್ಲಿ ಎಣ್ಣೆ ಬೆರೆತ ಮಣ್ಣು, ಬ್ರೇಕಿನ ಸಂದಿಯಲ್ಲಿ ಒಣಗಿದ ಕೆಸರು. ಹೊಸ ಬಣ್ಣ ಬಳಿದಿದ್ದರೆ ತಳಭಾಗವನ್ನು ನೋಡಿ. ಬಣ್ಣ ಬಳಿಯುವವರು ಮಲಗಿ ಬಳಿಯುವುದು ಅಪರೂಪ.

ಒಳಗಿನ ಪರೀಕ್ಷೆಗೇ ಬಾಟಲಿ ಬೇಕಾಗುವುದು. ಗಾಡಿ ರಾತ್ರಿಯಿಡೀ ಸಮನೆಲದಲ್ಲಿ ನಿಂತಿರಬೇಕು, ಏಕೆಂದರೆ ನೀರು ಎಣ್ಣೆಗಿಂತ ಭಾರವಾದ್ದರಿಂದ ನಿಧಾನವಾಗಿ ತಳಕ್ಕಿಳಿಯುತ್ತದೆ. ಮಾಲೀಕರ ಒಪ್ಪಿಗೆ ಪಡೆದು ಹಿಂದಿನ ಹೌಸಿಂಗಿನ ತಳದ ಡ್ರೈನ್ ಬೋಲ್ಟನ್ನು ಎರಡು ಸುತ್ತು ಮಾತ್ರ ಸಡಿಲಿಸಿ, ಮೊದಲು ಬರುವುದನ್ನು ಬಾಟಲಿಗೆ ಹಿಡಿದು ಮತ್ತೆ ಬಿಗಿ ಮಾಡಿ. ಫೋರ್ ವೀಲ್ ಗಾಡಿಯಾದರೆ ಮುಂದಿನ ಆಕ್ಸಲ್ಲಿಗೂ ಇದನ್ನೇ ಮಾಡಬೇಕು. ಕಾರಟಗಿ ಸಮೀಪ ನಾನು ನೋಡಿದ ಒಂದು ಗಾಡಿಯ ಎಂಜಿನ್ ಗಡಿಯಾರದಂತೆ ಓಡುತ್ತಿತ್ತು, ಟೈರು ಹೊಸದಿದ್ದವು, ಬೆಲೆಯೂ ಹೊಂದಿತ್ತು. ಮುಂದಿನ ಆಕ್ಸಲ್ ಬೋಲ್ಟು ಸಡಿಲಿಸಿದಾಗ ಮೊದಲು ಎರಡು ಹನಿ ಸ್ವಚ್ಛ ನೀರು, ಅದರ ಹಿಂದೆ ಹಾಲು ಹೆಚ್ಚಾದ ಚಹಾದ ಬಣ್ಣದ ಎಣ್ಣೆ ಬಂತು. ಬಾಟಲಿಯ ತಳದಲ್ಲಿ ಟಾರ್ಚ್ ಬೆಳಕಿಗೆ ಸಣ್ಣ ಚೂರುಗಳು ಮಿನುಗಿದವು. ಮಾಲೀಕರು ಏನೂ ಹೇಳಲಿಲ್ಲ, ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಬೇಲಿಯಾಚೆ ಚೆಲ್ಲಿದರು.

ಬರೀ ಎಣ್ಣೆ ಬಿಳಿಚಿದ್ದರೆ ಸೀಲ್ ಬದಲಿಸಿ, ಎಣ್ಣೆ ಹಾಕಿ ಬಳಸಬಹುದು, ಬೆಲೆಯಲ್ಲಿ ಕಡಿತ ಕೇಳಿ. ಲೋಹದ ಚೂರು ಕಂಡರೆ ಬಿಟ್ಟುಬಿಡಿ. ಬೋಲ್ಟು ಸಡಿಲಿಸಲು ಒಪ್ಪದಿದ್ದರೂ ಬಿಟ್ಟುಬಿಡಿ.

ಕೊನೆಗೆ ಜ್ಯಾಕ್ ಕೊಟ್ಟು ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಕಟಕಟ ಆಡಿದರೆ ಕಿಂಗ್‌ಪಿನ್ ಇಲ್ಲವೇ ಬೇರಿಂಗ್ ಸವೆದಿದೆ. ಹಿಂದಿನ ಚಕ್ರಕ್ಕೆ ಕಲ್ಲು ಇಡದೆ ಜ್ಯಾಕ್ ಹಚ್ಚಬೇಡಿ.

ಹಂತ 6: ಹೊಲದಲ್ಲಿ ಅರ್ಧ ಗಂಟೆ ದುಡಿಸಿ

ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ನೋಡುವುದು ಪರೀಕ್ಷೆಯೇ ಅಲ್ಲ. ರೋಟವೇಟರ್ ಕಟ್ಟಿ, ಹದವಿರುವ ಹೊಲದಲ್ಲಿ ಕನಿಷ್ಠ ಅರ್ಧ ಗಂಟೆ ಹೊಡೆಯಬೇಕು. ಡೀಸೆಲ್ ಖರ್ಚು ನೀವೇ ಕೊಡಿ.

ಮೊದಲು ಕ್ಲಚ್. ಮುಂದೆ ಖಾಲಿ ಜಾಗ ಇರುವಂತೆ ನೋಡಿಕೊಂಡು, ಬ್ರೇಕ್ ಒತ್ತಿ ಹಿಡಿದು, ಮೇಲಿನ ಗೇರ್ ಹಾಕಿ, ಸಾಧಾರಣ ಥ್ರಾಟಲ್‌ನಲ್ಲಿ ಕ್ಲಚ್ಚನ್ನು ಮೆಲ್ಲಗೆ ಬಿಡಿ. ಎಂಜಿನ್ ಬಂದ್ ಬೀಳಬೇಕು. ಬೀಳದೆ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಇದನ್ನು ಒಮ್ಮೆ ಮಾಡಿದರೆ ಸಾಕು, ಪದೇ ಪದೇ ಮಾಡಿದರೆ ಒಳ್ಳೆಯ ಕ್ಲಚ್ಚೂ ಸುಡುತ್ತದೆ. ಪ್ರತಿ ಗೇರಿನಲ್ಲಿಯೂ ಓಡಿಸಿ. ಭಾರವಿರುವಾಗ ಗೇರ್ ತಾನೇ ಹೊರಗೆ ಹಾರಿದರೆ ಗೇರ್‌ಬಾಕ್ಸ್ ಬಿಚ್ಚದೆ ಅದು ಸರಿಹೋಗುವುದಿಲ್ಲ.

ಲಿಫ್ಟಿನ ಪರೀಕ್ಷೆಗೆ ರೋಟವೇಟರನ್ನು ಪೂರ್ತಿ ಎತ್ತಿ ಎಂಜಿನ್ ಬಂದ್ ಮಾಡಿ, ಲಿಫ್ಟ್ ತೋಳಿನ ಮಟ್ಟಕ್ಕೆ ಮಡ್‌ಗಾರ್ಡಿನ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆಯಿರಿ. ಹತ್ತು ನಿಮಿಷದಲ್ಲಿ ಎರಡು ಮೂರು ಬೆರಳು ಇಳಿದರೆ ತೊಂದರೆಯಿಲ್ಲ, ಅರ್ಧಕ್ಕಿಂತ ಕೆಳಗೆ ಬಂದರೆ ಸಿಲಿಂಡರ್ ಅಥವಾ ವಾಲ್ವ್ ಸೋರುತ್ತಿದೆ. ಎಂಜಿನ್ ಓಡುತ್ತಿರುವಾಗ ಎತ್ತಿದ ರೋಟವೇಟರ್ ಒಂದೇ ಸಮನೆ ಕುಣಿಯುವುದೂ ಅದೇ ರೋಗದ ಲಕ್ಷಣ. ಎತ್ತಿದ ರೋಟವೇಟರಿನ ಕೆಳಗೆ ಕೈಕಾಲು ಇಡಬೇಡಿ, ಪಿಟಿಒ (ರೋಟವೇಟರಿಗೆ ಎಂಜಿನ್ ಶಕ್ತಿ ಕೊಡುವ ಹಿಂದಿನ ದಂಡ) ತಿರುಗುತ್ತಿರುವಾಗ ಪಂಚೆ ಅಥವಾ ಟವೆಲ್ ಹೊದ್ದು ಹತ್ತಿರ ಹೋಗಬೇಡಿ.

ಕೆಲಸ ಮಾಡುವಾಗ ಕಿವಿ ಹಿಂದಕ್ಕಿರಲಿ, ಕಣ್ಣು ಮೀಟರಿನ ಮೇಲಿರಲಿ. ಅರ್ಧ ಗಂಟೆಯೊಳಗೆ ಬಿಸಿಯ ಮುಳ್ಳು ಕೆಂಪಿಗೆ ಹೋದರೆ, ಬಿಸಿ ಎಂಜಿನ್ ನಿಧಾನಕ್ಕೆ ಓಡುವಾಗ ಆಯಿಲ್ ದೀಪ ಮಿಣುಕಿದರೆ, ಆ ಗಾಡಿಯ ಎಂಜಿನ್ ರಾಯಚೂರಿನ ಮೇ ತಿಂಗಳನ್ನು ತಾಳುವುದಿಲ್ಲ. ಫೋರ್ ವೀಲ್ ಗಾಡಿಯಾದರೆ ಲಿವರ್ ಹಾಕಿ ಸಡಿಲ ಮಣ್ಣಿನಲ್ಲಿ ಮುಂದಿನ ಚಕ್ರ ನಿಜವಾಗಿ ಎಳೆಯುತ್ತಿದೆಯೇ ಎಂದು ಪಕ್ಕದಲ್ಲಿ ನಡೆದು ನೋಡಿ. ಮುಂದಿನ ಟೈರುಗಳನ್ನು ಬೇರೆ ಅಳತೆಗೆ ಬದಲಿಸಿದ್ದರೆ ಮುಂದಿನ ಹಿಂದಿನ ಚಕ್ರದ ಸುತ್ತು ಹೊಂದದೆ ಗೇರುಗಳು ತಿರುಚಿಕೊಳ್ಳುತ್ತವೆ. ಅಳತೆಯನ್ನು ಕಂಪನಿಯ ಪುಸ್ತಕಕ್ಕೆ ಹೋಲಿಸಿ.

ಹಂತ 7: ಮೀಟರನ್ನು ನಂಬಬೇಡಿ, ಸವೆತವನ್ನು ನಂಬಿ

ಗಂಟೆಯ ಮೀಟರಿನ ಕೇಬಲ್ ಬಿಚ್ಚಿಡುವುದು ಕಷ್ಟದ ಕೆಲಸವಲ್ಲ. ಮೀಟರ್ 900 ಗಂಟೆ ತೋರಿಸುತ್ತಿದ್ದು, ಕ್ಲಚ್ ಪೆಡಲಿನ ರಬ್ಬರ್ ನುಣುಪಾಗಿ, ಟಾಪ್‌ಲಿಂಕ್ (ಸಲಕರಣೆಯನ್ನು ಗಾಡಿಗೆ ಜೋಡಿಸುವ ಮೇಲಿನ ಸರಳು) ತೂತು ಮೊಟ್ಟೆಯಾಕಾರಕ್ಕೆ ಸವೆದು, ಪಿಟಿಒ ಹಲ್ಲುಗಳ ಅಂಚು ಚೂಪಾಗಿದ್ದರೆ, ಮೀಟರ್ ಸುಳ್ಳು ಹೇಳುತ್ತಿದೆ. ಟೈರಿನ ಮೇಲೆ ನಾಲ್ಕು ಅಂಕಿಯ ಗುರುತಿರುತ್ತದೆ. 2319 ಎಂದಿದ್ದರೆ ಅದು 2019ರ 23ನೆಯ ವಾರ ತಯಾರಾದದ್ದು. ಗಾಡಿಯ ವಯಸ್ಸು ನಾಲ್ಕು ವರ್ಷವಾಗಿದ್ದು ಹಿಂದಿನ ಟೈರು ಆಗಲೇ ಎರಡನೆಯ ಜೋಡಿಯಾಗಿದ್ದರೆ ಗಾಡಿ ಬಾಡಿಗೆಗೆ ದುಡಿದಿದೆ.

ಇದೇ ಹೊತ್ತಿಗೆ ತಂತಿಬ್ರಷ್‌ನಿಂದ ಉಜ್ಜಿ, ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಒಂದೊಂದೇ ಅಂಕಿಯಾಗಿ ಆರ್‌ಸಿಗೆ ಹೋಲಿಸಿ. ಅಂಕಿಗಳ ಸುತ್ತ ಗ್ರೈಂಡರ್ ಹಿಡಿದ ಗೀರಿದ್ದರೆ ಮಾತು ಮುಂದುವರಿಸಬೇಡಿ.

ಹಂತ 8: ಬೆಲೆ ಮತ್ತು ಸಂಚಕಾರ

ಬೆಲೆ ಮಾತಾಡುವ ಮೊದಲೇ ಊರಿನ ಅಂಗಡಿಯಲ್ಲಿ ಒಂದು ಜೋಡಿ ಹಿಂದಿನ ಟೈರು, ಬ್ಯಾಟರಿ, ಕ್ಲಚ್ ಪ್ಲೇಟು, ಆಕ್ಸಲ್ ಸೀಲುಗಳ ದರ ಬರೆಸಿಕೊಂಡು ಬಂದಿರಬೇಕು. ಅದೇ ಮಾಡೆಲ್ಲಿನ ಬಿಡಿಭಾಗ ಸಿಂಧನೂರಿನಲ್ಲೋ ಕೊಪ್ಪಳದಲ್ಲೋ ಸಿಗುತ್ತದೆಯೇ, ಹುಬ್ಬಳ್ಳಿಯಿಂದ ತರಿಸಬೇಕೇ ಎಂಬುದೂ ಬೆಲೆಯ ಭಾಗವೇ. ಹದದ ದಿನಗಳಲ್ಲಿ ಒಂದು ಸೀಲಿಗಾಗಿ ನಾಲ್ಕು ದಿನ ನಿಂತ ಗಾಡಿ ಬಾಡಿಗೆಯವನಿಗೆ ಮತ್ತೆ ಹಣ ಕೊಡಿಸುತ್ತದೆ. ಕಂಡ ದೋಷಗಳ ಖರ್ಚನ್ನು ಮಾರುವವರ ಎದುರಿಗೇ ಬರೆದು ಕಳೆಯಿರಿ. ದೋಷವನ್ನು ನಿಂದಿಸುವ ಅಗತ್ಯವಿಲ್ಲ, ಅಂಕಿ ಸಾಕು.

"ಇನ್ನೊಬ್ಬರು ಸಂಜೆಗೆ ಬರುತ್ತಾರೆ" ಎಂದು ದಲ್ಲಾಳಿ ಹೇಳಿದರೆ ಅವರು ಬರಲಿ ಎನ್ನಿ. ಸಂಚಕಾರ ಕೊಡುವುದೇ ಆದರೆ ಚಿಕ್ಕ ಮೊತ್ತವನ್ನು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರ ಬ್ಯಾಂಕ್ ಖಾತೆಗೇ ಹಾಕಿ, ಎನ್‌ಒಸಿ ಬಾರದಿದ್ದರೆ ಹಣ ಮರಳಿಸಬೇಕೆಂದು ಬರೆಸಿಕೊಳ್ಳಿ.

ಹಂತ 9: ಹೆಸರು ಬದಲಾವಣೆ ಮತ್ತು ಮೊದಲ ವಾರ

ಪೂರ್ತಿ ಹಣ ಕೊಡುವ ದಿನವೇ ನಮೂನೆ 29 ಮತ್ತು 30ಕ್ಕೆ ಸಹಿ ಆಗಬೇಕು. ಕಾನೂನಿನಂತೆ ಒಂದೇ ರಾಜ್ಯದೊಳಗೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ವರ್ಗಾವಣೆಯನ್ನು ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಟ್ರಾಲಿಯೂ ಸೇರಿದ್ದರೆ ಅದಕ್ಕೆ ಬೇರೆ ಆರ್‌ಸಿ ಇದೆಯೆಂಬುದನ್ನು ಮರೆಯಬೇಡಿ.

ಮನೆಗೆ ತಂದ ಗಾಡಿಯನ್ನು ಮರುದಿನವೇ ಹೊಲಕ್ಕೆ ಇಳಿಸಬಾರದು. ಎಂಜಿನ್ ಆಯಿಲ್, ಗೇರ್‌ಬಾಕ್ಸ್ ಮತ್ತು ಆಕ್ಸಲ್ ಎಣ್ಣೆ, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಇವೆಲ್ಲವನ್ನೂ ಬದಲಿಸಿ, ಬದಲಿಸಿದ ದಿನಾಂಕವನ್ನೂ ಮೀಟರಿನ ಗಂಟೆಯನ್ನೂ ಮಡ್‌ಗಾರ್ಡಿನ ಒಳಬದಿಯಲ್ಲಿ ಪೇಂಟಿನಿಂದ ಬರೆಯಿರಿ. ಹತ್ತು ಗಂಟೆ ದುಡಿದ ಮೇಲೆ ಆಕ್ಸಲ್ಲಿನ ಡ್ರೈನ್ ಬೋಲ್ಟನ್ನು ಮತ್ತೊಮ್ಮೆ ಸಡಿಲಿಸಿ, ಎರಡನೆಯ ಬಾಟಲಿಗೆ ಹಿಡಿದು ಬಿಸಿಲಿಗೆ ಎತ್ತಿ ನೋಡಿ.